ನಿಂಬೆಹಣ್ಣು ಹತ್ತದ ಲಾರಿ

ಸನಮಡಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಬಿಚ್ಚುವ ಧೈರ್ಯ ಇರುವವನು ಒಬ್ಬನೇ. ಅವನ ಹೆಸರು ನಿಜಾಮುದ್ದೀನ ಮಿಸ್ತ್ರಿ. ಕೆಟ್ಟದ್ದನ್ನು ಯಾರು ಬೇಕಾದರೂ ಬಿಚ್ಚುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ ಎನ್ನುವುದು ಅವನ ವಾದ. ನನ್ನ ಹೊಲಿಗೆ ಯಂತ್ರ ನಮ್ಮಪ್ಪನ ಕಾಲದ್ದು, ಒಂದು ದಿನವೂ ತಕರಾರು ಮಾಡಿದ್ದಲ್ಲ. ಕಳೆದ ಬೇಸಿಗೆಯಲ್ಲಿ ನಾನು ಮನೆಗೆ ಹೋಗಿ ಊಟ ಮಾಡಿ ಬರುವಷ್ಟರಲ್ಲಿ ಅದರ ಹೊಟ್ಟೆ ಬಗೆದು, ಕರುಳೆಲ್ಲ ಸ್ಟೂಲಿನ ಮೇಲೆ ಹರಡಿಕೊಂಡು ಕೂತಿದ್ದ.

"ಅಣ್ಣಾರಾಯಾ, ಇದರಾಗ ಒಂದು ಸಣ್ಣ ಸಪ್ಪಳ ಇತ್ತೋ. ನಿನಗ ಕೇಳಸ್ತಿದ್ದಿಲ್ಲ, ನನಗ ಕೇಳಸ್ತಿತ್ತು" ಎಂದ.

ಸಪ್ಪಳ ಹೋಯಿತು, ಸುಳ್ಳು ಹೇಳಬಾರದು. ಅದರ ಸಂಗಡ ಯಂತ್ರ ಮುಂದಕ್ಕೆ ಹೊಲಿಯುವುದೂ ಹೋಯಿತು. ಮರುದಿನ ಅವನೇ ಬಂದು ಸರಿಮಾಡಿದ. ಸರಿಮಾಡಿ, ನನಗೇನೋ ಭಾರೀ ಉಪಕಾರ ಮಾಡಿದವನ ಹಾಗೆ ಮುಖ ಮಾಡಿಕೊಂಡು ಎದ್ದು ಹೋದ. ಸಿಟ್ಟು ಬಂದರೆ ನನಗೆ ತಡೆಯುವುದಕ್ಕೆ ಬರುವುದಿಲ್ಲ, ಊರಿಗೆಲ್ಲ ಗೊತ್ತು. ಆದರೆ ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡರೆ ಅದು ಅವನ ಕಿವಿಗೇ ಹೋಗುವುದಿಲ್ಲ. ಅವನ ಕಿವಿಗೆ ಬೀಳುವುದು ಗೇರುಗಳ ಸಪ್ಪಳ ಮಾತ್ರ.

ಜತ್ತಿನಲ್ಲಿ ಅವನ ಗ್ಯಾರೇಜು ಇತ್ತು. ಎಂಜಿನ್ನು, ಬ್ರೇಕು, ಲೈಟು ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಅಟ್ಟುತ್ತಿದ್ದ. ಅವನು ಮುಟ್ಟುತ್ತಿದ್ದುದು ಲಾರಿಗಳ ಗೇರ್‌ಬಾಕ್ಸು ಒಂದನ್ನೇ. ಅವನ ಪದ್ಧತಿಗಳು ಹೀಗಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುವುದು. ಆಗ ಸುತ್ತ ಯಾರೂ ಕೆಮ್ಮಬಾರದು. ಕೆಲಸ ಮುಗಿದ ಮೇಲೆ ತೆಗೆದುಹಾಕಿದ ಹಳೆಯ ಗೇರು, ಬೇರಿಂಗುಗಳನ್ನೆಲ್ಲ ಒಂದು ಅರಿವೆಯಲ್ಲಿ ಗಂಟು ಕಟ್ಟಿ ಮಾಲೀಕನ ಕೈಗೆ ಕೊಡುವುದು, ಹೊಸದು ಹಾಕಿದ್ದಕ್ಕೆ ಸಾಕ್ಷಿಯಾಗಿ. ಕೊನೆಗೆ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಡಿಸಿ, ಅವು ಪಚಕ್ಕೆಂದ ಮೇಲಷ್ಟೇ ಲಾರಿಯನ್ನು ಹೊರಗೆ ಬಿಡುವುದು. ಅವನು ನಮಾಜು ತಪ್ಪಿಸಿದವನಲ್ಲ, ನಿಂಬೆಹಣ್ಣನ್ನೂ ತಪ್ಪಿಸಿದವನಲ್ಲ. ಯಾರಾದರೂ ಕೆಣಕಿ ಕೇಳಿದರೆ, "ಅದು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಗ್ಯಾರೇಜಿಂದು" ಎನ್ನುತ್ತಿದ್ದ.

ಲಾರಿಯ ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡು ಇಳಿಸಿಕೊಂಡು ಒಂದು ದಿನ ಸೊಂಟ ಹೋಯಿತು. ಡಾಕ್ಟರು ಇನ್ನು ನೀರಿನ ಕೊಡವನ್ನೂ ಎತ್ತಬೇಡ ಎಂದರು. ಮಗ ಜಮೀರ ಗ್ಯಾರೇಜನ್ನು ವಹಿಸಿಕೊಂಡು ಅಪ್ಪನನ್ನು ಸನಮಡಿಗೆ ಕಳಿಸಿದ. ನಿಜಾಮುದ್ದೀನ ಬಂದ, ಅವನ ಹಿಂದೆ ಅವನ ಕಬ್ಬಿಣದ ಸಾಮಾನಿನ ಪೆಟ್ಟಿಗೆ ಬಂತು. ಆ ಪೆಟ್ಟಿಗೆಯ ಹಿಂದೆ ಚಾಂದಬಿಯ ಕಷ್ಟಗಳೂ ಬಂದವು.

ಚಾಂದಬಿ ಅವನ ಹೆಂಡತಿ. ನನ್ನ ಟೇಲರಿಂಗ್ ಅಂಗಡಿಯ ಪಕ್ಕಕ್ಕೇ ಆಕೆಯ ಬಳೆ ಅಂಗಡಿ, ನಡುವೆ ಒಂದೇ ಗೋಡೆ. ಗಂಡ ಜತ್ತಿನಲ್ಲಿ ಗ್ರೀಸಿನಲ್ಲಿ ಮುಳುಗಿದ್ದಷ್ಟು ಕಾಲವೂ ಆಕೆ ಇಲ್ಲಿ ಗಾಜಿನ ಬಳೆಗಳ ನಡುವೆ ಹಾಯಾಗಿದ್ದಳು. ಎಂಥ ದಪ್ಪ ಕೈ ಇರಲಿ, ಮಾತನಾಡುತ್ತ ಆಡುತ್ತ ಬೆರಳು ಕೂಡಿಸಿ, ಅಂಗೈ ಮಡಚಿ, ಒಂದು ಬಳೆಯೂ ಒಡೆಯದಂತೆ ಏರಿಸಿಬಿಡುತ್ತಾಳೆ. ಸೊರಡಿಯಿಂದ ಹೆಣ್ಣುಮಕ್ಕಳು ಆಕೆಯ ಕೈಯಿಂದಲೇ ಬಳೆ ಇಡಿಸಿಕೊಳ್ಳಬೇಕೆಂದು ಬರುತ್ತಾರೆ. ಇಂಥವಳ ಮನೆಗೆ ಗಂಡ ಬಂದು ಸೇರಿದ. ಮೊದಲು ಮಿಕ್ಸರ್ ಬಿಚ್ಚಿದ. ಆಮೇಲೆ ಫ್ಯಾನು. ಆಮೇಲೆ ಅಂಗಡಿಯ ಷಟರಿನ ಸ್ಪ್ರಿಂಗು. ಷಟರು ಮೇಲಕ್ಕೆ ಹೋಗಿದ್ದು ಕೆಳಗೆ ಬರಲೊಲ್ಲದೆ, ಅವನು ಅದನ್ನು ಸರಿಮಾಡುವ ತನಕ ಚಾಂದಬಿ ಅಂಗಡಿಯಲ್ಲೇ ಕಾವಲು ಕೂತಳು.

ಗಿರಾಕಿಗಳ ಮುಂದೆ ಬೈಯುವುದಿದ್ದರೆ ಆಕೆ ಕನ್ನಡದಲ್ಲಿ ಬೈಯುತ್ತಾಳೆ. ನಿಜವಾಗಿ ಸಿಟ್ಟು ಬಂದರೆ ಮನೆಮಾತಾದ ದಖನಿ ಉರ್ದುವಿಗೆ ಇಳಿಯುತ್ತಾಳೆ. ಆ ತಿಂಗಳಲ್ಲಿ ಗೋಡೆಯ ಆಚೆಯಿಂದ ನನಗೆ ಕನ್ನಡವೇ ಕೇಳಿಸಲಿಲ್ಲ.

ಆ ಹೊತ್ತಿಗೆ ಬಸಗೊಂಡ ಸಾವಕಾರರು ಒಂದು ಗೋಣಿಚೀಲದಲ್ಲಿ ಏನನ್ನೋ ಮುಚ್ಚಿಕೊಂಡು ಬಂದರು. ಹಿಂದೆ ಅವರದು ಲಾರಿ ವ್ಯವಹಾರ. ಅವರ ಲಾರಿಗಳ ಗೇರ್‌ಬಾಕ್ಸಿಗೆ ನಿಜಾಮುದ್ದೀನನ ಹೊರತು ಇನ್ನೊಬ್ಬನ ಕೈ ತಾಗಿದ್ದಿಲ್ಲ. ಈಗ ಲಾರಿಗಳನ್ನು ಮಾರಿ ದಾಳಿಂಬೆ ತೋಟ ನೋಡಿಕೊಂಡು ಇದ್ದಾರೆ. ಮೀಸೆ ಮಾತ್ರ ಲಾರಿ ಕಾಲದ್ದೇ. ಚೀಲದೊಳಗಿಂದ ಒಂದು ಲಾರಿ ತೆಗೆದರು. ಮೊಳಕ್ಕಿಂತ ತುಸು ಉದ್ದ, ಅಂಗೈಯಗಲದ ಗಾಲಿ, ಹಣೆಗೆ ಹೆಸರು, ಹಿಂದೆ ಜೋತುಬಿಟ್ಟ ಕರಿ ಗೊಂಡೆ, ಎಲ್ಲ ಥೇಟು ಅವರ ಹಳೆಯ ಲಾರಿಯ ಹಾಗೆ. ಕೈಯಲ್ಲೊಂದು ರಿಮೋಟು.

"ಮೊಮ್ಮಗಗ ತರಸೀನಿ" ಎಂದರು ಸಾವಕಾರರು.

ಮೊಮ್ಮಗ ಇನ್ನೂ ತೊಟ್ಟಿಲಲ್ಲಿದ್ದಾನೆ, ಕುತ್ತಿಗೆ ಈಗಷ್ಟೇ ನಿಂತಿದೆ. ನಾನು ಬಾಯಿಬಿಟ್ಟು ಅದನ್ನೇ ಹೇಳಬೇಕೆನ್ನುವಷ್ಟರಲ್ಲಿ ಸಾವಕಾರರು ನನ್ನ ಕಡೆ ನೋಡಿದ ನೋಟಕ್ಕೆ ಸುಮ್ಮನಾದೆ. ಇತ್ತೀಚೆಗೆ ನಮ್ಮ ಕಡೆ ದೊಡ್ಡ ದೊಡ್ಡ ಗಂಡಸರಿಗೆ ಈ ಹುಚ್ಚು ಹತ್ತಿದೆ. ಬಾಲಗಾಂವದವರು ಟ್ರ್ಯಾಕ್ಟರು ಆಡಿಸುತ್ತಾರೆ, ಸೊರಡಿಯವರು ಲಾರಿ ಆಡಿಸುತ್ತಾರೆ. ಎಲ್ಲರೂ ಮಕ್ಕಳಿಗಾಗಿಯೇ ತರಿಸಿದವರು, ಯಾವ ಮಗುವಿಗೂ ರಿಮೋಟು ಮುಟ್ಟಲು ಕೊಡದವರು.

"ಮಿಸ್ತ್ರಿ, ಎರಡನೇ ಗೇರಿಗಿ ಹಾಕಿದರ ಕರಕರ ಅಂತೈತಿ. ಏರು ಬಂದರ ಜಾರತೈತಿ. ನೀನ ನೋಡಬೇಕು" ಎಂದರು ಸಾವಕಾರರು.

ನಿಜಾಮುದ್ದೀನ ಲಾರಿಯನ್ನು ಮಗುಚಿದ. ಅದರ ಹೊಟ್ಟೆಯಲ್ಲಿ ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು ದೊಡ್ಡ ಗೇರ್‌ಬಾಕ್ಸು ಇತ್ತು. ಅದರಲ್ಲಿ ಮೂರು ಗೇರು. ಅವನ ಕಣ್ಣಿನಲ್ಲಿ ನೀರು ಬಂದುದನ್ನು ನಾನು ನೋಡಿದೆ. ಸೊಂಟ ಹೋದಾಗಲೂ ಬಂದಿರಲಿಲ್ಲ.

ಮೊದಲ ಸಲ ಅವನು ಮಾಡಿದ ಘನಕಾರ್ಯವನ್ನು ಹೇಳದೆ ಬಿಡಬಾರದು. ಲಾರಿಗೆ ಹಾಕುವ ದಪ್ಪ ಗೇರ್ ಆಯಿಲನ್ನೇ ಈ ಪುಟ್ಟದಕ್ಕೂ ತುಂಬಿದ. "ಗೇರು ಗೇರ ಹೌದಿಲ್ಲೋ? ಸಣ್ಣದರ ಆಗಲಿ, ದೊಡ್ಡದರ ಆಗಲಿ, ಆಯಿಲ್ ಕುಡೀಬೇಕು" ಎಂದ. ಅದು ಕುಡಿಯಲಿಲ್ಲ. ಸಾವಕಾರರ ಮನೆಯ ಹೊಸ ಸೋಫಾದ ಮೇಲೆ ರಾತ್ರಿಯಿಡೀ ಕಕ್ಕಿತು. ಬೆಳಿಗ್ಗೆ ಸಾವಕಾರರ ಹೆಂಡತಿ ಗೌರವ್ವ ಲಾರಿಯನ್ನೂ ಸಾವಕಾರರನ್ನೂ ಒಟ್ಟಿಗೇ ಹೊರಗೆ ಹಾಕಿದಳು. ಇಂಥವಕ್ಕೆ ಆಯಿಲ್ ಅಲ್ಲ, ಹಲ್ಲಿನ ಮೇಲೆ ಬೆರಳ ತುದಿಯಷ್ಟು ಗ್ರೀಸು ಸವರಿದರೆ ಸಾಕು ಎಂದು ಆಮೇಲೆ ಅವನಿಗೆ ತಿಳಿಯಿತು. ಆದರೆ ತನಗೆ ಮೊದಲೇ ತಿಳಿದಿತ್ತೆಂದೂ ಸೋಫಾ ಇಳಿಜಾರಾಗಿತ್ತೆಂದೂ ಇವತ್ತಿಗೂ ಹೇಳುತ್ತಾನೆ.

ಆ ಮೇಲೆ ಅವನು ಗಂಭೀರವಾಗಿ ಕೂತ. ಮೊಬೈಲಿನಲ್ಲಿ ಅದರ ಚಿತ್ರಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಸಾವಕಾರರಿಂದ ಕೊರಿಯರಿನಲ್ಲಿ ಹೊಸ ಗೇರು, ಬೇರಿಂಗು ತರಿಸಿದ. ಎರಡನೆಯದೂ ಮೂರನೆಯದೂ ಮಾತ್ರ ಸವೆದಿದ್ದವು, ಒಂದನೆಯ ಗೇರು ಗಟ್ಟಿಮುಟ್ಟಾಗಿತ್ತು. ಆದರೂ ಮೂರನ್ನೂ ಬದಲಿಸಿದ. "ಬಾಕ್ಸು ತೆಗೆದ ಮ್ಯಾಲ ಅರ್ಧ ಹಳೇದು ಬಿಟ್ಟರ ಮಂದಿ ಏನಂದಾರು" ಎಂದ. ಆ ಮಂದಿ ಯಾರು, ಆ ಡಬ್ಬಿಯೊಳಗೆ ಯಾರು ಇಣುಕುತ್ತಾರೆ ಎಂದು ಕೇಳಿದ್ದಕ್ಕೆ ನನ್ನ ಜೊತೆ ಅರ್ಧ ದಿನ ಮಾತು ಬಿಟ್ಟ. ನಮ್ಮ ಕರಿಮಣ್ಣಿನ ಧೂಳು ಬೇರಿಂಗಿನೊಳಗೆ ಕಲ್ಲಾಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಬ್ರಷ್ಷಿನಿಂದ ತಿಕ್ಕಿದ. ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ನಡುವೆ ಕಾಗದದಷ್ಟು ಸಂದು ಇರಬೇಕಂತೆ. ಅದನ್ನು ಅಳೆಯಲು ಬಳೆ ಸುತ್ತಿ ಬರುವ ತೆಳು ಕಾಗದವೇ ಬೇಕಾಯಿತು. ಚಾಂದಬಿಯ ಡಬ್ಬಿಗಳಿಂದ ಕಾಗದ ಕದ್ದ, ಕಾಗದವಿಲ್ಲದ ಬಳೆಗಳು ಒಂದಕ್ಕೊಂದು ತಾಗಿ ಒಡೆದವು. ಗೋಡೆಯ ಆಚೆ ಮತ್ತೆ ದಖನಿ ಶುರುವಾಯಿತು.

ಎರಡು ವಿಚಿತ್ರಗಳನ್ನು ನಾನು ಆಗ ಗಮನಿಸಿದ್ದೆ. ಒಂದು, ಈ ಕೆಲಸವನ್ನು ಅವನು ಮನೆಯ ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡುತ್ತಿದ್ದ. ಜತ್ತಿನಲ್ಲಿ ನಾಲ್ಕು ಜನ ನೋಡುವವರು ಇಲ್ಲದಿದ್ದರೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಳ್ಳದವನು ಇವನು. ಇನ್ನೊಂದು, ನನ್ನ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟುಬಿಟ್ಟಿದ್ದ. ಕೇಳಿದರೆ ಪಿತ್ತ ಎನ್ನುತ್ತಿದ್ದ. ಹೋಟೆಲಿನವನ ಮಸಾಲೆ ಮಿರ್ಚಿಯನ್ನು ಬೆಳಿಗ್ಗೆ ಬೆಳಿಗ್ಗೆ ತಿನ್ನುವವನಿಗೆ ಚಹಾ ಮಾತ್ರ ಪಿತ್ತವೇ? ನನ್ನ ಅಂಗಡಿಯ ಚಹಾ ಅವನಿಗೆ ಬೇಡವಾಯಿತೆಂದು ನನಗೆ ಕೆಟ್ಟೆನಿಸಿತು. ನಾನೂ ಕರೆಯುವುದನ್ನು ಬಿಟ್ಟೆ.

ಇಷ್ಟರಲ್ಲಿ ಮೊಬೈಲ್ ಅಂಗಡಿಯ ಅಮೋಗಸಿದ್ದ ಈ ಪುಟ್ಟ ಲಾರಿಗಳ ಒಂದು ಶರ್ಯತ್ತಿನ ಪಂದ್ಯ ಹೂಡಿದ. ಸಂತೆಯ ದಿನ ಬಯಲಿನಲ್ಲಿ ಮುರುಮಿನ ಮಣ್ಣು ಗುಡ್ಡೆ ಹಾಕಿ ಒಂದು ಪುಟ್ಟ ಘಾಟು ರಸ್ತೆ ಮಾಡುವುದು, ತಿರುವು ಸಮೇತ. ಪ್ರತಿ ಲಾರಿಯೂ ಜೋಳ ತುಂಬಿಕೊಂಡು ಅದನ್ನು ಹತ್ತಬೇಕು. ಸಾವಕಾರರು ಹೆಸರು ಕೊಟ್ಟರು. ನಿಜಾಮುದ್ದೀನ ಊರೆಲ್ಲ ತಿರುಗಿ, ಗೇರ್‌ಬಾಕ್ಸು ತನ್ನದೆಂದೂ ಗ್ಯಾರಂಟಿ ತನ್ನದೆಂದೂ ಸಾರಿ ಬಂದ.

ಅವತ್ತು ಸಂಜೆ ಚಾಂದಬಿ ನನ್ನನ್ನು ಕರೆದಳು. ಕಟ್ಟೆಯ ಮೇಲೆ ಗಂಡನೂ ಕೂತಿದ್ದ.

"ಅಣ್ಣಾರ, ನೀವು ಸಾಕ್ಷಿ ಇರ್ರಿ" ಎಂದಳು. "ಸಾವಕಾರ್ರ ಲಾರಿ ಆ ಘಾಟ ಹತ್ತಿದರ ನಾ ಮತ್ತ ಬಾಯಿ ತೆರಿಯೂದಿಲ್ಲ. ಇವರ ಪೆಟಗಿ ನನ್ನ ಅಂಗಡ್ಯಾಗ, ನನ್ನ ಬಳಿ ಡಬ್ಬಿ ಪಕ್ಕದಾಗ ಇಟಗೊಳ್ಲಿ. ಹತ್ತಲಿಲ್ಲ ಅಂದರ ಪೆಟಗಿ ಮೋಡಕಾದವಗ ಕೊಡೂದು. ಇವರು ಮಿಸ್ತ್ರಿಕಿ ಬಿಟ್ಟು ಸುಮ್ಮ ಅಂಗಡ್ಯಾಗ ಕುಂತು ಬಳಿ ಎತ್ತಿಡೂದು."

ಮೋಡಕಾದವನೆಂದರೆ ಗುಜರಿಯವನು. ಆ ಪೆಟ್ಟಿಗೆಯೊಳಗಿನ ಪಾನಾಗಳು ಅವನ ಉಸ್ತಾದರ ಕೈಯಿಂದ ಅವನ ಕೈಗೆ ಬಂದವು. ಅವು ಹೋದರೆ ನಿಜಾಮುದ್ದೀನ ಎಂಬ ಮನುಷ್ಯ ಉಳಿದಾನು, ಮಿಸ್ತ್ರಿ ಉಳಿಯುವುದಿಲ್ಲ. ಚಾಂದಬಿ ವೈನಿ ಸ್ವಲ್ಪ ಹೆಚ್ಚೇ ಮಾಡಿದಳು ಎಂದು ನನಗೆ ಅನಿಸಿತು. ಅವನು ಮಾತ್ರ ಮೀಸೆಯಿಲ್ಲದ ಜಾಗದಲ್ಲಿ ಕೈಯಾಡಿಸಿ, "ಕಬೂಲ್" ಎಂದ. ನಿಕಾಹದ ದಿನವೂ ಇಷ್ಟು ಗಟ್ಟಿಯಾಗಿ ಹೇಳಿದ್ದಿಲ್ಲ ಎಂದಳು ಚಾಂದಬಿ.

ಸಂತೆಯ ದಿನ ಬಯಲಿನಲ್ಲಿ ತರಕಾರಿಗಿಂತ ಲಾರಿಗಳ ಕಡೆಗೇ ಜನ ಹೆಚ್ಚು. ಹೊಟ್ಟೆ ಬಂದ ಗಂಡಸರು ಕುಕ್ಕರಗಾಲಲ್ಲಿ ಕೂತು ಗಾಲಿ ಒರೆಸುತ್ತಿದ್ದರು. ಅಮೋಗಸಿದ್ದ ಕೈಯಲ್ಲಿ ಮೈಕು ಹಿಡಿದು ಕನ್ನಡ, ಮರಾಠಿ ಎರಡರಲ್ಲೂ ಕೂಗುತ್ತಿದ್ದ. ಸಾವಕಾರರ ಲಾರಿಗೆ ಜೋಳ ತುಂಬಿದ್ದಾಯಿತು. ಒಂದನೇ ಗೇರಿಗೆ ಹಾಕಿದ್ದೂ ಆಯಿತು. ಸಾವಕಾರರು ರಿಮೋಟಿನ ಮೇಲೆ ಹೆಬ್ಬೆರಳು ಇಡುವಷ್ಟರಲ್ಲಿ ನಿಜಾಮುದ್ದೀನ ಕೈ ಎತ್ತಿದ.

"ನಿಂದರ್ರಿ ಸಾವಕಾರ್ರ. ನನ್ನ ಕೈಯಾಗಿಂದ ಗಾಡಿ ಹಂಗ ಹೊಂಟಿದ್ದು ಐತೇನು?"

ಜುಬ್ಬಾದ ಜೇಬಿನಿಂದ ನಿಂಬೆಹಣ್ಣು ತೆಗೆದ. ಸಂತೆಯಲ್ಲಿ ಆರಿಸಿ ಆರಿಸಿ ತಂದ, ತುಂಬಿದ ರಸದ, ದಪ್ಪ ದಪ್ಪ ಹಣ್ಣುಗಳು. ಪ್ರತಿ ಗಾಲಿಯ ಮುಂದೆಯೂ ಒಂದೊಂದನ್ನು ಒತ್ತಿ ಇಟ್ಟ. ಹಣ್ಣು ಗಾಲಿಯ ಅರ್ಧದಷ್ಟು ಎತ್ತರ ಇತ್ತು. ನೋಡುತ್ತ ನಿಂತ ಒಬ್ಬನಿಗೂ ಏನೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಗಾಡಿ ಎಂದ ಮೇಲೆ ನಿಂಬೆಹಣ್ಣು ಇರುವುದೇ, ಅದನ್ನು ತುಳಿದುಕೊಂಡು ಹೋಗುವುದೇ. ಎಲ್ಲರೂ ಚಪ್ಪಾಳೆ ಹೊಡೆದೆವು. ಕೆಲವರು ಜಯಕಾರವನ್ನೂ ಹಾಕಿದರು.

ಸಾವಕಾರರು ಒತ್ತಿದರು. ಲಾರಿ ಮುಂದೆ ಒಂದು ಕೂದಲೆಳೆಯಷ್ಟು ಸರಿದು ನಿಂಬೆಹಣ್ಣಿಗೆ ಮುಖ ಕೊಟ್ಟು ನಿಂತಿತು. ಖಾಲಿ ಇದ್ದಿದ್ದರೆ ಗಾಲಿ ಸುಮ್ಮನೆ ತಿರುಗಿ ಜಾರುತ್ತಿತ್ತು. ಜೋಳದ ಭಾರಕ್ಕೆ ಗಾಲಿ ನೆಲ ಕಚ್ಚಿ ಹಿಡಿದಿತ್ತು. "ಇನ್ನೂ ಕೊಡ್ರಿ, ಇನ್ನೂ" ಎಂದು ಜನ ಕೂಗಿದರು. ಸಾವಕಾರರು ಪೂರ್ತಿ ಕೊಟ್ಟರು. ಮೋಟಾರು ಒರಲಿತು, ಕಟಕ್ ಎಂದು ಸಪ್ಪಳವಾಯಿತು. ಆಮೇಲೆ ಮೋಟಾರು ತನ್ನ ಪಾಡಿಗೆ ತಿರುಗುತ್ತಲೇ ಇತ್ತು, ಗಾಲಿ ಮಾತ್ರ ಅಲ್ಲಾಡಲಿಲ್ಲ. ನಿಂಬೆಹಣ್ಣುಗಳಿಗೆ ಏನೂ ಆಗಿರಲಿಲ್ಲ.

ಯಾರೋ ಕಿಸಕ್ಕನೆ ನಕ್ಕರು. ಇಡೀ ಬಯಲು ನಗತೊಡಗಿತು. ನಿಜಾಮುದ್ದೀನನಿಗೆ ಸ್ಕ್ರೂಡ್ರೈವರ್ ಕಿವಿಗೆ ಇಡುವ ಅಗತ್ಯ ಬೀಳಲಿಲ್ಲ. "ಒಂದನೇ ಗೇರಿನ ಹಲ್ಲು ಹೋದವು" ಎಂದ. ಧ್ವನಿ ಒಳಗೇ ಉಳಿದಿತ್ತು. ಸಾವಕಾರರನ್ನು ಅನ್ನುವಂತಿಲ್ಲ, ಲಾರಿಯನ್ನು ಅನ್ನುವಂತಿಲ್ಲ. ಹಣ್ಣು ತಂದವನೂ ಅವನೇ, ಇಟ್ಟವನೂ ಅವನೇ.

ಅಮೋಗಸಿದ್ದ ಒಳ್ಳೆಯವನು. "ಸಾವಕಾರ್ರ ಲಾರಿ ಎಲ್ಲಾರಿಗಿಂತ ಕಡೀಕ ಬಿಡೂನು. ಅಷ್ಟರಾಗ ರಿಪೇರಿ ಆದರ ಆತು, ಇಲ್ಲಂದರ ಇಲ್ಲ" ಎಂದು ಮೈಕಿನಲ್ಲಿ ಸಾರಿದ. ಆದರೆ ರಿಪೇರಿಗೆ ಗೇರು ಬೇಕಲ್ಲ. ಕೊರಿಯರು ಬರುವಷ್ಟರಲ್ಲಿ ಈ ಘಾಟು ಮಳೆಗೆ ಕರಗಿರುತ್ತದೆ. ಆಗ ಬಸಗೊಂಡ ಸಾವಕಾರರು ತಮ್ಮ ಪಂಚೆಯ ಮಡಿಕೆಯಿಂದ ಒಂದು ಅರಿವೆಯ ಗಂಟು ತೆಗೆದರು. ನಿಜಾಮುದ್ದೀನ ಪದ್ಧತಿಯಂತೆ ಕಟ್ಟಿ ಕೊಟ್ಟಿದ್ದ ಹಳೆಯ ಗೇರುಗಳು. ಕೆಟ್ಟಿರದಿದ್ದರೂ ಜಂಬಕ್ಕೆ ಬದಲಿಸಿದ್ದ ಆ ಹಳೆಯ ಒಂದನೇ ಗೇರೂ ಅದರಲ್ಲಿತ್ತು.

"ನೀ ಕೊಟ್ಟಿದ್ದು ನಾ ಎಂದರ ಒಗದೀನೇನೋ ಮಿಸ್ತ್ರಿ?" ಎಂದರು ಸಾವಕಾರರು.

ಹತ್ತಿರದಲ್ಲಿ ನೆರಳು, ಗಾಳಿಯಿಲ್ಲದ ಜಾಗ ಎಂದರೆ ಬಳೆ ಅಂಗಡಿಯೇ. ಲಾರಿಯನ್ನು ಅಲ್ಲಿಗೆ ಹೊತ್ತು ತಂದೆವು. ನಾನು ಷಟರನ್ನು ಅರ್ಧ ಇಳಿಸಿ ಜನರನ್ನು ಹೊರಗೆ ನಿಲ್ಲಿಸಿದೆ. ಚಾಂದಬಿ ಬಳೆ ಡಬ್ಬಿಗಳನ್ನು ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು.

ನಿಜಾಮುದ್ದೀನ ಬಾಕ್ಸು ಬಿಚ್ಚಿದ, ಮುರಿದ ಗೇರು ಹೊರಗೆ ತೆಗೆದ, ಹಳೆಯದನ್ನು ಏರಿಸಿದ. ಇನ್ನು ಉಳಿದದ್ದು ಲಾಕು. ಗೇರು ಸರಿಯದಂತೆ ಅಚ್ಚಿನ ತುದಿಗೆ ಹಾಕುವ, ಬಾಯಿಬಿಟ್ಟ ಉಂಗುರದಂಥ ಒಂದು ಸಣ್ಣ ಚೂರು ಅದು. ಸಾಸಿವೆಗಿಂತ ತುಸು ದೊಡ್ಡದಷ್ಟೇ. ಚಿಮಟದಲ್ಲಿ ಹಿಡಿದು ತಂದ. ಅಚ್ಚಿನ ಹತ್ತಿರ ಬರುತ್ತಲೂ ಅದು ಟಣ್ಣೆಂದು ಹಾರಿ ಬಳೆಗಳ ನಡುವೆ ಬಿತ್ತು. ಹುಡುಕಿ ಕೊಟ್ಟೆ. ಮತ್ತೆ ಹಾರಿತು. ಮತ್ತೆ ಹುಡುಕಿದೆ, ಮತ್ತೆ ಹಾರಿತು. "ಏನೋ ಇದು, ನೆಟ್ಟಗ ಹಿಡಿಯೋ!" ಎಂದು ಕೂಗಲು ತಲೆ ಎತ್ತಿದೆ.

ಆಗ ಅವನ ಕೈ ನೋಡಿದೆ. ನಡುಗುತ್ತಿತ್ತು. ಗಾಬರಿಯ ನಡುಕವಲ್ಲ ಅದು, ಬೇರೆ ಯಾವುದೋ, ಮನೆ ಮಾಡಿಕೊಂಡು ಕೂತ ನಡುಕ. ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದ. ಆಗ ಎರಡೂ ನಡುಗಿದವು. ಒಳಕೋಣೆಯ ಹಾಕಿದ ಬಾಗಿಲು, ನನ್ನ ಅಂಗಡಿಯ ಚಹಾ, ಪಿತ್ತದ ಕತೆ ಎಲ್ಲ ನನಗೆ ಒಮ್ಮೆಲೇ ತಿಳಿಯಿತು. ಬಸಿಯ ಮೇಲೆ ಕಪ್ಪು ಸಪ್ಪಳ ಮಾಡುತ್ತದೆಂದು ಅವನು ಕುಡಿಯುತ್ತಿರಲಿಲ್ಲ. ಸಿಟ್ಟಿನ ಮನುಷ್ಯನಿಗೆ ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೆಲದ ಮೇಲೆ ಬಿದ್ದಿರದ ಲಾಕನ್ನು ಹುಡುಕುತ್ತ ಬಗ್ಗಿಯೇ ಇದ್ದೆ.

"ಆಗೂದಿಲ್ಲ" ಎಂದ ನಿಜಾಮುದ್ದೀನ. "ಮನ್ಯಾಗ ಒಂದು ಲಾಕ್ ಹಾಕಾಕ ನನಗ ಇಡೀ ದಿನ ಹಿಡೀತಿತ್ತು. ಇಲ್ಲಿ ಅಷ್ಟು ಹೊತ್ತು ಇಲ್ಲ. ಮೋಡಕಾದವನ್ನ ಕರೀರಿ."

ಚಾಂದಬಿ ಗೆದ್ದಂತಾಯಿತು. ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಪಂಥ ಆಕೆಯದೇ. ಆದರೆ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಎದುರಿಗೆ ಬಂದು ಕೂತಳು.

"ಚುಪ್ ಬೈಠೊ ಜೀ" ಎಂದು ಅವನ ಬಾಯಿ ಮುಚ್ಚಿಸಿದಳು. ಆಮೇಲೆ ನನಗೂ ತಿಳಿಯಲಿ ಎಂದೋ ಏನೋ ಕನ್ನಡಕ್ಕೆ ಬಂದಳು. "ನನಗ ಗೊತ್ತಿಲ್ಲ ಅಂತ ಮಾಡೀರೇನು? ಬಾಗಲಾ ಹಾಕಿದರ ಸಂದು ಇರೂದಿಲ್ಲೇನು? ಮಂದಿ ಮುಂದ ನಿಮ್ಮ ಕೈ ನಡಗಬಾರದು, ಮಂದಿ ನಗಬಾರದು ಅಂತ ಪೆಟಗಿ ಬಿಡಸಾಕ ಹೊಂಟಿದ್ದೆ. ಇಲ್ಲಿ ಕೊಡ್ರಿ ಆ ಚಿಮಟಾ."

"ಇದು ಬಳಿ ಅಲ್ಲ."

"ಬಳಿ ಇದಕಿಂತ ಕಠಿಣ. ಬಳಿ ಒಡೀತೈತಿ, ಒಡದರ ಕೈಗಿ ಚುಚ್ಚತೈತಿ, ಚುಚ್ಚಿದರ ಹೆಣಮಗಳು ಅಳತಾಳ. ಇದು ಅಳತೈತೇನು?"

ಆಕೆ ಚಿಮಟವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟಳು. ಬಳೆಗಳ ನಡುವೆ ಬಿದ್ದಿದ್ದ ಲಾಕನ್ನು ಬೆರಳ ತುದಿಯಲ್ಲೇ ಎತ್ತಿಕೊಂಡಳು. ದಪ್ಪ ಕೈಗೆ ಬಳೆ ಏರಿಸುವಾಗಿನ ಹಾಗೆ, ಒತ್ತಿದಳೋ ಇಲ್ಲವೋ ಎನ್ನುವ ಹಾಗೆ ಒತ್ತಿದಳು. ಟಿಕ್ ಎಂದು ಕೂತಿತು. ನಿಜಾಮುದ್ದೀನ ಅಚ್ಚನ್ನು ತಿರುಗಿಸಿ, ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ. ನಾನು ಕೆಮ್ಮು ತಡೆದುಕೊಂಡೆ. "ಸಡಲ ಐತಿ. ಒಂದು ತೆಳು ವಾಷರ್ ಹಾಕಬೇಕು" ಎಂದ. ಆಕೆ ಲಾಕು ತೆಗೆದು ವಾಷರ್ ಹಾಕಿ ಮತ್ತೆ ಲಾಕು ಕೂಡಿಸಿದಳು. ಸಂದು ನೋಡಲು ಬಳೆಯ ಕಾಗದವನ್ನು ತಾನೇ ಹರಿದು ಕೊಟ್ಟಳು. ಮತ್ತೆ ಕೇಳಿದ. "ಹ್ಞಾಂ" ಎಂದ. ಅವನು ಯಾರ ಕೆಲಸಕ್ಕೂ ಹಾಗೆ ಹ್ಞಾಂ ಎಂದುದನ್ನು ನಾನು ಕೇಳಿಲ್ಲ, ಮಗನ ಕೆಲಸಕ್ಕೂ ಇಲ್ಲ.

ಲಾರಿಯನ್ನು ಬಯಲಿಗೆ ತಂದಾಗ ಉಳಿದವರದೆಲ್ಲ ಮುಗಿದಿತ್ತು. ಸೊರಡಿಯ ಒಂದು ಲಾರಿ ಆಗಲೇ ಜೋರಾಗಿ ಹತ್ತಿ ಮೊದಲ ಬಹುಮಾನದ ತೆಂಗಿನಕಾಯಿ, ಟಾವೆಲ್ಲು ಗಿಟ್ಟಿಸಿಕೊಂಡಿತ್ತು. ಸಾವಕಾರರು ಒತ್ತಿದರು. ಲಾರಿ ಮುದುಕನ ಹಾಗೆ ನಿಧಾನಕ್ಕೆ ಹೊರಟಿತು. ನಿಜಾಮುದ್ದೀನ ಸೊಂಟ ಮರೆತು ನೆಲದ ಮೇಲೆ ಬೋರಲಾಗಿ ಮಲಗಿ ಸಪ್ಪಳ ಕೇಳತೊಡಗಿದ. ತಿರುವಿನಲ್ಲಿ ಗಾಲಿ ತುಸು ಹಿಂದಕ್ಕೆ ಜಾರಿತು. ಚಾಂದಬಿ ಅಂಗಡಿಯ ಬಾಗಿಲಲ್ಲಿ ನಿಂತು ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. "ಎರಡನೇದಕ ಹಾಕಬ್ಯಾಡ್ರಿ, ಒಂದರಾಗ ಇರಲಿ!" ಎಂದು ನಿಜಾಮುದ್ದೀನ ಮಲಗಿದಲ್ಲಿಂದಲೇ ಕೂಗಿದ. ಗೇರು ಕಚ್ಚಿತು. ಹತ್ತಿತು, ಹತ್ತಿತು, ತುದಿಗೆ ಹೋಗಿ ನಿಂತಿತು. ಸಾವಕಾರರು ಮೊಮ್ಮಗನ ನೆಪವನ್ನೆಲ್ಲ ಮರೆತು ರಿಮೋಟನ್ನು ತಲೆಯ ಮೇಲೆತ್ತಿ ಕುಣಿದರು.

ಮಿಸ್ತ್ರಿಯನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕಾಯಿತು. "ನಿಜಾಮುದ್ದೀನ ಮಿಸ್ತ್ರಿಯವರ ಕೈಗುಣ ನೋಡ್ರಿ!" ಎಂದು ಅಮೋಗಸಿದ್ದ ಮೈಕಿನಲ್ಲಿ ಕೂಗಿದ. ಮಿಸ್ತ್ರಿ ಕೈಚಾಚಿ ಮೈಕು ಇಸಿದುಕೊಂಡ. ಇನ್ನು ಸಂಜೆಯವರೆಗೆ ಭಾಷಣ ಎಂದುಕೊಂಡು ನಾನು ಕೂರಲು ಕಲ್ಲು ಹುಡುಕಿದೆ.

"ಕೈ ನಂದಲ್ರಿ" ಎಂದ. ಎರಡೂ ಕೈಗಳನ್ನು ಜನರ ಮುಂದೆ ಚಾಚಿದ. ಮೈಕು ಹಿಡಿದ ಕೈಯೂ ನಡುಗುತ್ತಿತ್ತು, ಅದರಿಂದ ಕಟಕಟ ಸಪ್ಪಳ ಬರುತ್ತಿತ್ತು. "ನೋಡ್ರಿ ಇವನ್ನ. ಇವು ಹಿಂಗ ಆಗಿ ಭಾಳ ದಿನ ಆದವು. ಗೇರು ಕೂಡಿಸಿದಾಕಿ ಚಾಂದಬಿ. ಕೇಳಿದವ ಅಷ್ಟ ನಾನು."

ಬಯಲಿನಲ್ಲಿ ಯಾರೂ ನಗಲಿಲ್ಲ. ಆಮೇಲೆ ಬಸಗೊಂಡ ಸಾವಕಾರರು ಚಪ್ಪಾಳೆ ಶುರು ಮಾಡಿದರು. ಚಾಂದಬಿ ಅಂಗಡಿಯೊಳಗೆ ಹೋಗಿ ಷಟರಿನ ಮರೆಗೆ ನಿಂತು, "ಇಡೀ ಊರಿಗಿ ಹೇಳೂದೇನು ಬೇಕಾಗಿತ್ತು ಇವರಿಗಿ" ಎಂದು ಕಣ್ಣು ಒರೆಸಿಕೊಂಡಳು.

ಸಾಕ್ಷಿ ನಾನಾದ್ದರಿಂದ ತೀರ್ಪು ನಾನೇ ಹೇಳಬೇಕಾಯಿತು. ಲಾರಿ ಹತ್ತಿತು, ಆದ್ದರಿಂದ ಪೆಟ್ಟಿಗೆ ಅಂಗಡಿಯಲ್ಲಿ ಇರಬೇಕು. ಹತ್ತಿಸಿದವಳು ಹೆಂಡತಿ, ಆದ್ದರಿಂದ ಗಂಡ ಕೂತು ಬಳೆ ಎತ್ತಿಡಬೇಕು. ಇಬ್ಬರೂ ನನ್ನನ್ನು ಬೈದರು, ಇಬ್ಬರೂ ಒಪ್ಪಿದರು. ಈಗ ಆ ಕಟ್ಟೆಯ ಒಂದು ಬದಿಗೆ ಬಳೆ, ಇನ್ನೊಂದು ಬದಿಗೆ ಪುಟ್ಟ ಲಾರಿಗಳು. ಸೊರಡಿಯಿಂದ ಹೆಂಡತಿ ಬಳೆ ಇಡಿಸಿಕೊಳ್ಳಲು ಬಂದರೆ ಗಂಡ ಲಾರಿ ತಂದಿರುತ್ತಾನೆ, ಮಕ್ಕಳಿಗೆಂದೇ. ಚಾಂದಬಿ ಗೇರು ಕೂಡಿಸುತ್ತಾಳೆ, ಅವನು ಕಿವಿಗೊಟ್ಟು ಹ್ಞಾಂ ಎನ್ನುತ್ತಾನೆ ಇಲ್ಲವೇ ಊಂಹೂಂ ಎನ್ನುತ್ತಾನೆ. ಊಂಹೂಂ ಎಂದಾಗ ಗೋಡೆಯ ಆಚೆ ದಖನಿ ಕೇಳಿಸುತ್ತದೆ. ನಿಂಬೆಹಣ್ಣು ಈಗಲೂ ಬೇಕೇ ಬೇಕು ಎಂದು ಅವನು ಹಟ ಹಿಡಿದಿದ್ದಾನೆ. ಆಕೆ ಅದನ್ನು ಗಾಲಿಯ ಕೆಳಗೆ ಇಡಗೊಡುವುದಿಲ್ಲ, ಶರಬತ್ತು ಮಾಡಿ ಗಿರಾಕಿಗೆ ಕುಡಿಸುತ್ತಾಳೆ.

ಮೊನ್ನೆ ಸಂಜೆ ನಾನು ಗೌರವ್ವನ ಹೊಸ ಕುಪ್ಪಸ ಹೊಲಿಯುತ್ತ ಕೂತಿದ್ದೆ. ನಿಜಾಮುದ್ದೀನ ಬಂದು ಎದುರಿನ ಸ್ಟೂಲಿನ ಮೇಲೆ ಕೂತ.

"ಏನೋ ಅಣ್ಣಾರಾಯಾ, ನಿನ್ನ ಅಂಗಡ್ಯಾಗ ಮಂದಿಗಿ ಚಹಾ ಕೇಳೂ ಪದ್ಧತಿ ಹೋತೇನು?"

"ನಿನಗ ಪಿತ್ತ ಐತೆಲ್ಲೋ" ಎಂದೆ.

"ಹೋತು ಅದು. ತರಸು."

ಚಹಾ ಬಂತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರ ಮುಂದೆಯೇ ಅವನು ಕಪ್ಪು ಎತ್ತಿದ. ಬಸಿಯ ಮೇಲೆ ಕಪ್ಪು ಗಡಗಡ ಎಂದಿತು, ಅರ್ಧ ಚಹಾ ಗೌರವ್ವನ ಕುಪ್ಪಸದ ಮೇಲೆ ಹೋಯಿತು. ನಾನು ಎದ್ದು ನಿಂತು ಬಾಯಿಗೆ ಬಂದಂತೆ ಬೈದೆ. ಅವನು ಬಸಿಯಲ್ಲಿ ಉಳಿದದ್ದನ್ನು ಸೊರ್ರೆಂದು ಎಳೆದುಕೊಂಡ. ಹೋಟೆಲಿನ ಕಡೆಗೆ ಮುಖ ಮಾಡಿ ನಾನು ಇನ್ನೊಂದು ಕಪ್ಪು ಹೇಳಿದೆ.